ಹಾಲು ಎಂದು ಬರೆದ ಸೀಸೆ

ಆಹಾರ ಇನ್‌ಸ್ಪೆಕ್ಟರ್ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ವರು ಈಚೆಗೆ ನನ್ನನ್ನು ನೋಡಲು ಬಂದಿದ್ದರು. ಕೈಯಲ್ಲಿ ನೋಟ್‌ಬುಕ್ಕು, ಜೇಬಿನಲ್ಲಿ ಎರಡೆರಡು ಪೆನ್ನು. ಕಾಯಿದೆಯ ಕಲಮುಗಳನ್ನು ಹೇಳಿಕೊಡುತ್ತೇನೆ ಎಂದು ಯಾರೋ ಅವರಿಗೆ ಆಸೆ ಹುಟ್ಟಿಸಿದ್ದರಂತೆ. ಕಲಮುಗಳು ನನಗೆ ಎಂದೋ ಮರೆತುಹೋಗಿವೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದೂ ಪಿಂಚಣಿ ಕಾಗದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮರೆಯದೆ ಉಳಿದಿರುವುದು ನಾನು ತಿಂದದ್ದು, ಒಮ್ಮೆ ತಿನ್ನದೇ ಬಿಟ್ಟದ್ದು. ಅದನ್ನೇ ಹೇಳಲು ಶುರುಮಾಡಿದೆ. ಅವರು ಕಾಫಿ ಕುಡಿದು ಎದ್ದು ಹೋದರು. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಆರಂಭದಲ್ಲಿ. ಮಾಗಡಿ ರಸ್ತೆಯಿಂದ ಆಗತಾನೆ ಕಟ್ಟುತ್ತಿದ್ದ ರಾಜಾಜಿನಗರದವರೆಗೆ ನನ್ನ ಸರಹದ್ದು. ಒಂದು ಸೈಕಲ್ಲು, ಅದರ ಕ್ಯಾರಿಯರ್ ಮೇಲೆ ಮರದ ಪೆಟ್ಟಿಗೆ, ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ನಮ್ಮ ಜವಾನ ಗಂಗಣ್ಣ. ಹೊಸಹಳ್ಳಿ ನನ್ನ ಸ್ವಂತ ಊರು. ಆಗ ಅದು ರಾಗಿ ಹೊಲ, ಎಮ್ಮೆ ಕೊಟ್ಟಿಗೆಗಳ ಊರಾಗಿತ್ತು. ನಮ್ಮ ಮನೆಯಿಂದಲೂ ಹಾಲು ಪೇಟೆಗೆ ಹೋಗುತ್ತಿತ್ತು. ಆದ್ದರಿಂದ ಹಾಲಿಗೆ ನೀರು ಹೇಗೆ ಸೇರುತ್ತದೆ ಎಂಬುದನ್ನು ಇಲಾಖೆ ನನಗೆ ಕಲಿಸಬೇಕಾಗಿರಲಿಲ್ಲ. ಊರಿನವರಿಗೆ ನನ್ನ ಕೆಲಸದ ಬಗ್ಗೆ ಹೆಮ್ಮೆ ಇತ್ತು. ನಾನು ಅವರ ಕ್ಯಾನುಗಳ ಮುಚ್ಚಳ ತೆಗೆಯಲು ಶುರುಮಾಡಿದ ಮೇಲೆ ಅದು ಕಡಿಮೆಯಾಯಿತು.

ನನ್ನ ಮೊದಲ ಮೇಲಧಿಕಾರಿ ಡಾಕ್ಟರ್ ನರಹರಿರಾಯರು. ತೆಳ್ಳನೆಯ ಮನುಷ್ಯ, ಕೋಟಿನ ಮೇಲೆ ನಶ್ಯದ ಕಲೆ. ಆಗ ನಮ್ಮ ಕಚೇರಿಯಲ್ಲಿ ಸೀಸೆಗಿಂತ ನಾಲಿಗೆಗೆ ಬೆಲೆ ಹೆಚ್ಚು. ಅಂಗಡಿಗೆ ಹೋಗು, ನೋಡು, ಮೂಸು, ತಿನ್ನು, ಬಂದು ಬರೆ. ಇಷ್ಟೇ ವಿಧಾನ. ರಾಯರು ಮೊದಲ ದಿನ ನನಗೆ ಹೇಳಿದ ಮಾತು ಇದು: "ಅಂಗಡಿಗೆ ಹೋದ ತಕ್ಷಣ ತಿಂಡಿ ನೋಡ್ಬೇಡ ಕಣಯ್ಯ. ತಟ್ಟೆ ತೊಳೆದ ನೀರು ನೋಡು." ಮೂವತ್ತು ವರ್ಷ ನಾನು ಅದನ್ನೇ ಮಾಡಿದೆ. ನೀವೂ ಮಾಡಿ. ಉಳಿದದ್ದನ್ನೆಲ್ಲ ಅಂಗಡಿಯವನು ಮುಚ್ಚಿಡಬಲ್ಲ, ತಟ್ಟೆ ತೊಳೆದ ನೀರನ್ನು ಮುಚ್ಚಿಡಲಾರ.

ಕಾರ್ಖಾನೆಯೊಂದರ ಗೇಟಿನ ಎದುರು, ಹೊಂಗೆ ಮರಗಳ ಕೆಳಗೆ ಏಳೆಂಟು ಒಲೆಗಳ ಸಾಲು ಇತ್ತು. ಯುದ್ಧದ ಕಾಲದಲ್ಲಿ ಬರ್ಮಾದಿಂದ ನಡೆದು ಬಂದವರು, ಯುದ್ಧ ಮುಗಿದ ಮೇಲೆ ಮಲಯದಿಂದ ಹಡಗು ಹತ್ತಿ ಬಂದವರು ಹಲವರು ಮದರಾಸಿನಲ್ಲಿ ನಿಂತರು. ಕೆಲವರು ಕಾರ್ಖಾನೆ ಕೆಲಸ ಸಿಗುತ್ತದೆಂದು ಇಲ್ಲಿಗೆ ಬಂದರು. ಕೆಲಸ ಸಿಗದವರು ಗೇಟಿನ ಮುಂದೆಯೇ ಒಲೆ ಹೂಡಿದರು. ಆ ಸಾಲಿಗೆ ಜನ ಇಟ್ಟ ಹೆಸರು ರಂಗೂನ್ ಸಾಲು. ರಾಯರು ಮೀನು, ಮಾಂಸ ಮುಟ್ಟುವವರಲ್ಲ. "ಒಕ್ಕಲು ಮನೆ ಹುಡುಗ ನೀನು, ನಿಂಗೇನು ತೊಂದರೆ, ತಿಂದು ಬಂದು ಹೇಳು" ಎಂದು ಆ ಸಾಲನ್ನು ಪೂರ್ತಿಯಾಗಿ ನನ್ನ ಪಾಲಿಗೆ ಬಿಟ್ಟರು. ಸರ್ಕಾರದ ಸಂಬಳ ತೆಗೆದುಕೊಂಡು ಬೀದಿಬದಿಯಲ್ಲಿ ತಿನ್ನುವ ಕೆಲಸ. ನನ್ನ ಜೊತೆಯವರು ಹೊಟ್ಟೆ ಉರಿದುಕೊಂಡರು. ಮೊದಲ ತಿಂಗಳು ನನಗೆ ಅದರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಕಾಣಲಿಲ್ಲ.

ಮೊದಲ ಎಡವಟ್ಟು ಕಣ್ಣನ್ ಎಂಬಾತನ ಒಲೆಯ ಹತ್ತಿರ ಆಯಿತು. ರಂಗೂನಿನಲ್ಲಿ ಹುಟ್ಟಿ ಬೆಳೆದವನು. ದಪ್ಪ ಶಾವಿಗೆಯನ್ನು ಬೇಯಿಸಿ, ಎಲೆಕೋಸು, ಹುಣಸೆಹಣ್ಣಿನ ನೀರು, ಕರಿದ ಈರುಳ್ಳಿ ಹಾಕಿ ಕೈಯಲ್ಲೇ ಕಲಸಿ ಕೊಡುತ್ತಿದ್ದ. ಅದಕ್ಕೆ ಅತ್ತೋ ಎಂದು ಹೆಸರು. ಪಕ್ಕದಲ್ಲಿ ಬಾಳೆದಿಂಡಿನ ಬಿಸಿ ಸಾರು. ಸಾರಿನ ರುಚಿ ನಮ್ಮದಲ್ಲದಿದ್ದರೂ ದಿಂಡು ನಮ್ಮದೇ ಆದ್ದರಿಂದ ನನಗೆ ಧೈರ್ಯ ಬಂತು. ಆಮೇಲೆ ಅವನ ಪೆಟ್ಟಿಗೆ ಜಾಲಾಡಿದಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಗಂಗಣ್ಣ ಮೂಗು ಹಿಡಿದುಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ಒಳಗೆ ಬೂದು ಬಣ್ಣದ ಮುದ್ದೆ, ಕೊಳೆತ ಮೀನಿನ ವಾಸನೆ. ನಾನು ಹಿಂದೆಮುಂದೆ ನೋಡದೆ ಡಬ್ಬಿಯನ್ನು ಚರಂಡಿಗೆ ಸುರಿದೆ. ಕಣ್ಣನ್ ಚರಂಡಿಯನ್ನೇ ನೋಡುತ್ತ ನಿಂತಿದ್ದ.

ಅದು ಙಾಪಿ. ಸೀಗಡಿಯನ್ನು ಉಪ್ಪು ಹಾಕಿ ಬಿಸಿಲಿನಲ್ಲಿ ಹುಳಿಸಿ ಕುಟ್ಟಿದ ಪದಾರ್ಥ. ವರ್ಷ ಇಟ್ಟರೂ ಕೆಡುವುದಿಲ್ಲ. ಅವನ ಸಂಬಂಧಿಕರು ಮದರಾಸಿನಿಂದ ಕಳಿಸಿದ್ದು. ಮಾರನೆಯ ವಾರ ಯಾರ ಹತ್ತಿರವೋ ಉಗುರಿನಷ್ಟು ಇಸಿದುಕೊಂಡು ಬಂದು, ಮೆಣಸಿನಕಾಯಿ ಜೊತೆ ಹುರಿದು, ಬಿಸಿ ಅನ್ನದ ಮೇಲಿಟ್ಟು ನನಗೆ ಕೊಟ್ಟ. ನಾನು ಅನ್ನವನ್ನು ಎರಡನೆಯ ಸಲ ಹಾಕಿಸಿಕೊಂಡೆ. ರಾಯರಿಗೆ ಹೋಗಿ ಎಲ್ಲ ಒಪ್ಪಿಸಿದೆ. ಅವರು ನಶ್ಯ ಏರಿಸಿ ಹೇಳಿದರು: "ನಮ್ಮನೆ ಇಂಗಿನ ಡಬ್ಬೀನ ಅವನ ಮುಂದೆ ತೆಗೆದ್ರೆ ಅವನೂ ಚರಂಡಿಗೇ ಸುರೀತಾನೆ. ಮೂಗನ್ನು ನಂಬು, ಆದ್ರೆ ಅದೊಂದನ್ನೇ ನಂಬಬೇಡ." ಚರಂಡಿಗೆ ಹೋದದ್ದು ಮಾತ್ರ ಕಣ್ಣನ್‌ಗೆ ವಾಪಸು ಬರಲಿಲ್ಲ. ಇಲಾಖೆಯಲ್ಲಿ ತಪ್ಪು ಮಾಡುವುದು ನಾವು, ಚೆಲ್ಲಿಹೋಗುವುದು ಅವರದು. ಆಗ ನನಗೆ ಇದು ಅರ್ಥವಾದಂತೆ ಅನಿಸಿತು, ಆದರೆ ಅರ್ಥವಾಗಿರಲಿಲ್ಲ.

ಸಾಲಿನ ಕೊನೆಯ ಒಲೆ ಅಂಜಲಮ್ಮನದು. ಈ ಬರಹ ಆಕೆಯ ಬಗ್ಗೆ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಪಿನಾಂಗ್‌ನಿಂದ ಬಂದವಳು. ಗಂಡನನ್ನು ಜಪಾನಿನವರು ರೈಲು ಹಳಿ ಹಾಕುವ ಕೂಲಿಗೆ ಹಿಡಿದುಕೊಂಡು ಹೋದರು, ಅವನು ಹಿಂದಿರುಗಲಿಲ್ಲ. ಗಂಡನ ತಾಯಿಯನ್ನು ಕರೆದುಕೊಂಡು ಆಕೆ ಹಡಗು ಹತ್ತಿದ್ದಳು. ಮನೆಮಾತು ತಮಿಳು. ಅದರ ನಡುವೆ ಮಲಯದ ಮಾತುಗಳು ಸೇರಿಕೊಂಡಿದ್ದವು, ಇಲ್ಲಿಗೆ ಬಂದ ಮೇಲೆ ಕನ್ನಡವೂ ಸೇರಿತು. ಯಾವ ಮಾತು ಯಾವ ಊರಿನದು ಎಂದು ಆಕೆಗೇ ಗೊತ್ತಾಗುತ್ತಿರಲಿಲ್ಲ.

ಆಕೆಯ ಹತ್ತಿರ ನಾನು ಮೊದಲು ತಿಂದದ್ದು ಸಾತೆ. ಕೋಳಿಯ ತುಂಡುಗಳನ್ನು ಅರಿಸಿನ, ಕೊತ್ತಂಬರಿ ಬೀಜದ ಮಸಾಲೆಯಲ್ಲಿ ನೆನೆಸಿ, ಕಡ್ಡಿಗೆ ಚುಚ್ಚಿ, ಕೆಂಡದ ಮೇಲೆ ಸುಟ್ಟು, ಕಡಲೆಕಾಯಿ ಬೀಜದ ಗೊಜ್ಜಿನ ಜೊತೆ ಕೊಡುವುದು. ಕಡ್ಡಿಗಳನ್ನು ನೋಡಿ ನಾನು ರೇಗಿದೆ. ನಮ್ಮ ಮನೆಯ ಪೊರಕೆಯ ಕಡ್ಡಿಗಳೇ ಅವು, ತೆಂಗಿನ ಗರಿಯವು. ಪೊರಕೆ ಕಡ್ಡಿಗೆ ಮಾಂಸ ಚುಚ್ಚಿ ಜನಕ್ಕೆ ತಿನ್ನಿಸುತ್ತೀರಾ ಎಂದು ಕೇಳಿದೆ. ಆಕೆ ಹಸಿ ಗರಿಯೊಂದನ್ನು ತೆಗೆದು, ನನ್ನ ಕಣ್ಣೆದುರೇ ಸೀಳಿ, ಹೆರೆದು, ಬಿಸಿನೀರಿನಲ್ಲಿ ಅದ್ದಿ ತೋರಿಸಿದಳು. ತಟ್ಟೆ ತೊಳೆದ ನೀರು ನೋಡಿದೆ. ಆ ಸಾಲಿನಲ್ಲಿ ಅಷ್ಟು ತಿಳಿಯಾದ ನೀರು ಇನ್ನೊಬ್ಬರ ಹತ್ತಿರ ಇರಲಿಲ್ಲ. ಪುಸ್ತಕದಲ್ಲಿ "ಸ್ವಚ್ಛ, ರುಚಿ ಹೊಸದು, ಅಪಾಯವಿಲ್ಲ" ಎಂದು ಬರೆದೆ.

ಆದರೆ ಆಕೆಯ ಹೆಸರು ನಿಂತದ್ದು ಲಕ್ಸಾದಿಂದ. ಅಕ್ಕಿಯ ಒತ್ತು ಶಾವಿಗೆಯನ್ನು ಬಟ್ಟಲಿಗೆ ಹಾಕಿ, ಅದರ ಮೇಲೆ ಹಳದಿ ಬಣ್ಣದ ಬಿಸಿ ಸಾರನ್ನು ಹೊಯ್ಯುವುದು. ಸಾರಿನಲ್ಲಿ ಮೀನು, ಒಣಮೆಣಸಿನಕಾಯಿ, ಮಜ್ಜಿಗೆ ಹುಲ್ಲಿನ ಪರಿಮಳ, ಕಣ್ಣನ್‌ನ ಙಾಪಿಯ ತಂಗಿಯಂಥದ್ದೇನೋ ಒಂದು ಚೂರು, ಎಲ್ಲಕ್ಕಿಂತ ಮೇಲೆ ತೆಂಗಿನಕಾಯಿ. ನಮ್ಮಲ್ಲಿ ಮಾಡುವ ಹಾಗೆ ಕಾಯಿ ಅರೆದು ಹಾಕಿದ್ದಾಳೆ ಎಂದುಕೊಂಡೆ. ಕೇಳಲಿಲ್ಲ. ನಾಲ್ಕು ವರ್ಷ ತಿಂದರೂ ಕೇಳಲಿಲ್ಲ. ಕಾರ್ಖಾನೆಯ ಜನ ಮೊದಲು ಅನುಮಾನದಿಂದ ನೋಡಿದರು. ಆಮೇಲೆ ಕಾಮಾಕ್ಷಿಪಾಳ್ಯದ ಕಡೆಯ ಒಬ್ಬ ಫಿಟ್ಟರು ತನ್ನ ಡಬ್ಬಿಯ ಮುದ್ದೆಯನ್ನು ಆ ಸಾರಿನಲ್ಲಿ ಅದ್ದಿ ನುಂಗಿದ. ಅಲ್ಲಿಂದ ಮುಂದೆ ತಡೆಯೇ ಇರಲಿಲ್ಲ. ಮಧ್ಯಾಹ್ನದ ಸೈರನ್ ಆದರೆ ಸಾಕು, ಹತ್ತಿಪ್ಪತ್ತು ಜನ ಮುದ್ದೆಯ ಡಬ್ಬಿ ಹಿಡಿದು ಆಕೆಯ ಮುಂದೆ ನಿಲ್ಲುತ್ತಿದ್ದರು. ಶಾವಿಗೆ ಬೇಡ, ಪಿನಾಂಗ್ ಸಾರು ಹಾಕಿ ಎನ್ನುತ್ತಿದ್ದರು. ಲಕ್ಸಾವನ್ನು ಹೀಗೆ ತಿನ್ನುವುದನ್ನು ನೋಡಿ ಆಕೆಯ ಅತ್ತೆ ಕಣ್ಣಲ್ಲಿ ನೀರು ತಂದುಕೊಂಡಳಂತೆ. ಅಂಜಲಮ್ಮ ಮಾತ್ರ ನಗುತ್ತಿದ್ದಳು. ನಾನು ಶಾವಿಗೆಯನ್ನೂ ತಿಂದಿದ್ದೇನೆ, ಮುದ್ದೆಯನ್ನೂ ತಿಂದಿದ್ದೇನೆ. ಮುದ್ದೆಗೇ ಚೆನ್ನ. ಇದನ್ನು ನಾನು ಪಿನಾಂಗ್‌ನವರ ಎದುರಿಗೂ ಹೇಳಬಲ್ಲೆ.

ಅಷ್ಟರಲ್ಲಿ ಕಲಬೆರಕೆ ತಡೆಯುವ ಹೊಸ ಕಾಯಿದೆ ಬಂತು. ರಾಯರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಡಾಕ್ಟರ್ ಸದಾಶಿವಯ್ಯ, ನನಗಿಂತ ಐದಾರು ವರ್ಷ ದೊಡ್ಡವರು, ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ಮಾತು. ಮೊದಲ ಸಭೆಯಲ್ಲೇ ಹೇಳಿದರು: ನಿಮ್ಮ ನಾಲಿಗೆಯನ್ನು ಕೋರ್ಟಿನಲ್ಲಿ ಹಾಜರುಪಡಿಸಲು ಆಗುವುದಿಲ್ಲ, ಸೀಸೆಯನ್ನು ಹಾಜರುಪಡಿಸಬಹುದು. ಮಾತು ಸರಿಯಾಗಿಯೇ ಇತ್ತು. ಹಳೆಯ ಪದ್ಧತಿಯಲ್ಲಿ ಇನ್‌ಸ್ಪೆಕ್ಟರನ ಬಾಯಿರುಚಿಯ ಮೇಲೆ ಬಡವನ ಅಂಗಡಿ ನಿಂತಿರುತ್ತಿತ್ತು. ದೊಡ್ಡ ಹೋಟೆಲಿನವನು ಚೆನ್ನಾಗಿ ತಿನ್ನಿಸಿ ಪಾರಾಗುತ್ತಿದ್ದ. ಇದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಹೊಸ ವಿಧಾನ ಹೀಗಿತ್ತು. ಮಾದರಿಯನ್ನು ಮೂರು ಭಾಗ ಮಾಡಿ ಮೂರು ಒಣ ಸೀಸೆಗೆ ತುಂಬುವುದು. ಹಾಲಾದರೆ ಕೆಡದಂತೆ ಕೆಲವು ಹನಿ ಫಾರ್ಮಲಿನ್ ಹಾಕುವುದು. ಬಿರಡೆ ಬಿಗಿದು, ಕಾಗದ ಸುತ್ತಿ, ಹುರಿ ಕಟ್ಟಿ, ಅರಗು ಕರಗಿಸಿ ಮೊಹರು ಒತ್ತುವುದು. ಒಂದು ಸೀಸೆ ಪ್ರಯೋಗಾಲಯಕ್ಕೆ, ಒಂದು ನಮ್ಮ ಹತ್ತಿರ, ಒಂದು ಅಂಗಡಿಯವರ ಕೈಗೆ. ಸೀಸೆಯ ಮೇಲಿನ ಚೀಟಿಯಲ್ಲಿ "ಪದಾರ್ಥದ ಹೆಸರು" ಎಂದು ಒಂದು ಗೆರೆ. ಆ ಗೆರೆಯ ಮೇಲೆ ಏನು ಬರೆದಿರುತ್ತೇವೆಯೋ, ಪ್ರಯೋಗಾಲಯದವರು ಅದಕ್ಕೆ ಮಾತ್ರ ಉತ್ತರ ಕೊಡುತ್ತಾರೆ. ರುಚಿ ನೋಡುವುದಕ್ಕೆ ಚೀಟಿಯಲ್ಲಿ ಜಾಗವೇ ಇರಲಿಲ್ಲ. ಡ್ಯೂಟಿಯ ಮೇಲೆ ಅಂಗಡಿಯ ಪದಾರ್ಥ ಬಾಯಿಗೆ ಹಾಕಿದವನಿಗೆ ಮೆಮೊ ಎಂದು ಡಾಕ್ಟರು ಸುತ್ತೋಲೆ ಹೊರಡಿಸಿದರು. ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಅರಗಿನಿಂದ ಬೆರಳು ಸುಟ್ಟುಕೊಳ್ಳುವುದು ಅಭ್ಯಾಸವಾಯಿತು.

ಒಂದು ವಾರ ಹಾಲಿನ ಮೇಲೆ ದಾಳಿ ಮಾಡಿ ಎಂದು ಆಜ್ಞೆ ಬಂತು. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆಯಿಂದ ಬರುವ ಸೈಕಲ್ಲುಗಳನ್ನು ಬೇರೆಯವರು ತಡೆಯಬೇಕು, ಮಾಗಡಿ ರಸ್ತೆಯನ್ನೂ ಟೀ ಅಂಗಡಿಗಳನ್ನೂ ನಾನು ನೋಡಿಕೊಳ್ಳಬೇಕು. ಆ ಬೆಳಿಗ್ಗೆ ಮೊದಲು ನನ್ನ ಕೈಗೆ ಸಿಕ್ಕವನು ನಮ್ಮ ದೊಡ್ಡಪ್ಪನ ಮಗ ಚಿಕ್ಕಣ್ಣ. ಹಾಲಿಗೆ ನೀರು ಬೆರೆತಷ್ಟೂ ಆಳಕ್ಕೆ ಮುಳುಗುವ ಲ್ಯಾಕ್ಟೋಮೀಟರನ್ನು ಕ್ಯಾನಿನಲ್ಲಿ ಇಳಿಬಿಟ್ಟರೆ ಅದು ತಳದ ಕಡೆಗೆ ಇಳಿಯಿತು. "ನಮ್ಮೋನಾಗಿ ಹಿಂಗ್ ಮಾಡ್ತೀಯಲ್ಲೋ" ಎಂದ. ಸೀಸೆ ತುಂಬಿ, ಮೊಹರು ಒತ್ತಿ, ಅವನ ಪಾಲಿನ ಸೀಸೆ ಅವನ ಕೈಗೆ ಕೊಟ್ಟು ಮುಂದೆ ಹೊರಟೆ. ನನ್ನ ನಿಷ್ಪಕ್ಷಪಾತದ ಬಗ್ಗೆ ನನಗೇ ತುಂಬ ಸಂತೋಷವಾಗಿತ್ತು. ಆ ಸಂತೋಷದಲ್ಲೇ ರಂಗೂನ್ ಸಾಲಿಗೆ ಬಂದೆ.

ಅಂಜಲಮ್ಮ ಆಗ ಹೊಸದಾಗಿ ಬೆಳಗಿನ ಪಾಳಿಯವರಿಗೆ ಟೀ ಮಾಡಲು ಶುರುಮಾಡಿದ್ದಳು. ಟೀ ಒಲೆಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಅಲ್ಯೂಮಿನಿಯಂ ಪಾತ್ರೆ. ಬಟ್ಟೆ ಎತ್ತಿದರೆ ಒಳಗೆ ತುಂಬ ಬೆಳ್ಳಗಿನದು. ಇದೇನು ಎಂದು ಕೇಳಿದೆ.

"ಸಂತಾನ್, ಸಾರ್."

ಹಾಲು ಹಿಡಿಯಲು ಹೋದಾಗ ನೂರಕ್ಕೆ ತೊಂಬತ್ತು ಜನ ಇದು ಮಾರಾಟಕ್ಕಲ್ಲ, ಮಕ್ಕಳಿಗೆ ಇಟ್ಟದ್ದು ಎನ್ನುತ್ತಾರೆ. ಈ ನೆಪ ನಮಗೆ ಬಾಯಿಪಾಠವಾಗಿತ್ತು. ಅಂಜಲಮ್ಮನೂ ಕಲಿತುಬಿಟ್ಟಳಲ್ಲ ಎಂದು ಬೇಸರವಾಯಿತು. ಸಂತಾನ ಇರಲಿ, ಇದು ಏನು ಹೇಳಿ ಎಂದೆ. ಆಕೆ ಪಾತ್ರೆಯನ್ನು ತೋರಿಸಿ ಬಿಡಿಸಿ ಬಿಡಿಸಿ ಹೇಳಿದಳು.

"ಪಾಲ್, ಸಾರ್. ಸಂತಾನ್. ಪಾಲ್."

ಸಂತಾನದ ಪಾಲು. ಮಕ್ಕಳ ಪಾಲು. ನನ್ನ ಕಿವಿಗೆ ಅಷ್ಟು ಅಚ್ಚುಕಟ್ಟಾಗಿ ಕೇಳಿಸಿತು. ಲ್ಯಾಕ್ಟೋಮೀಟರ್ ಇಳಿಬಿಟ್ಟೆ. ಅದು ಚಿಕ್ಕಣ್ಣನ ಕ್ಯಾನಿಗಿಂತ ಕೆಳಗೆ ಹೋಯಿತು. ಇಷ್ಟು ನೀರು ಬೆರೆಸಿದ ಹಾಲನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಅದೂ ಮಕ್ಕಳಿಗೆ ಇಟ್ಟದ್ದು. ಗಂಗಣ್ಣ ಪಾತ್ರೆಯ ಮೇಲೆ ಬಗ್ಗಿ, ಸಾರ್, ಒಂದು ಚೂರು ಬಾಯಿಗೆ ಬಿಟ್ಟುಕೊಂಡು ನೋಡಬಾರದಾ ಎಂದು ಕೇಳಿದ. ಸುತ್ತೋಲೆ ಓದಿಲ್ಲವಾ ಎಂದು ಗದರಿಸಿದೆ. ಚೀಟಿಯ ಗೆರೆಯ ಮೇಲೆ "ಹಾಲು" ಎಂದು ದುಂಡಗೆ ಬರೆದೆ. ಆಕೆ ನೋಟೀಸಿಗೆ ತಮಿಳಿನಲ್ಲಿ ಸಹಿ ಹಾಕಿದಳು. ಆಕೆಯ ಸೀಸೆ ಕೊಟ್ಟು, ಇದನ್ನು ಒಡೆಯಬಾರದು ಎಂದು ಎರಡು ಸಲ ಹೇಳಿದೆ.

ಕೆಲವು ವಾರಗಳಾದ ಮೇಲೆ ಪ್ರಯೋಗಾಲಯದ ವರದಿ ಬಂತು. ಈ ಮಾದರಿಯಲ್ಲಿರುವ ಜಿಡ್ಡು ಹಾಲಿನ ಜಿಡ್ಡಲ್ಲ, ಹಾಲಿನ ಯಾವ ಅಂಶವೂ ಇದರಲ್ಲಿ ಇಲ್ಲ, ಆದ್ದರಿಂದ ಇದು ಸಂಪೂರ್ಣ ಕಲಬೆರಕೆ. ಸದಾಶಿವಯ್ಯನವರು ವರದಿಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ನೀರು ಬೆರೆಸಿದ ಹಾಲು ಎಲ್ಲರಿಗೂ ಸಿಗುತ್ತದೆ, ಹಾಲೇ ಇಲ್ಲದ ಹಾಲನ್ನು ಹಿಡಿದವನು ನೀನೊಬ್ಬನೇ ಎಂದು ನನ್ನ ಬೆನ್ನು ತಟ್ಟಿದರು. ಮೊಕದ್ದಮೆ ಹೂಡಲು ಆದೇಶವಾಯಿತು. ಅಲ್ಲಿಯವರೆಗೆ ಲೈಸೆನ್ಸು ಅಮಾನತು, ಒಲೆ ಬಂದ್. ತಪ್ಪು ಸಾಬೀತಾದರೆ ಜೈಲೂ ಆಗಬಹುದಿತ್ತು, ಲೈಸೆನ್ಸಂತೂ ಮತ್ತೆ ಸಿಗುವುದಿಲ್ಲ. ಆ ಆದೇಶವನ್ನು ತಲುಪಿಸುವ ಕೆಲಸವೂ ನನ್ನದೇ.

ಕಾರ್ಖಾನೆಯ ಹಿಂದಿನ ಷೀಟು ಮನೆಗಳ ಸಾಲಿನಲ್ಲಿ ಆಕೆಯ ಮನೆ. ಹೋದಾಗ ಬಾಗಿಲು ತೆರೆದಿತ್ತು. ಅತ್ತೆ ಈಳಿಗೆಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಅಂಜಲಮ್ಮ ತುರಿಯನ್ನು ಬಿಸಿನೀರಿನಲ್ಲಿ ಕಿವುಚಿ, ಬಿಳಿ ಬಟ್ಟೆಯಲ್ಲಿ ಹಾಕಿ ತಿರುಚಿ ಹಿಂಡುತ್ತಿದ್ದಳು. ಬೆಳ್ಳಗೆ ಇಳಿಯುತ್ತಿತ್ತು. ನನ್ನನ್ನು ನೋಡಿ ಕೈ ಒರೆಸಿಕೊಂಡಳು. ತುಂಬಿದ ಪಾತ್ರೆಯನ್ನು ಪಕ್ಕಕ್ಕಿಡಲು ಅತ್ತೆಗೆ ಹೇಳಿದಳು.

"ಅತ್ತೆ, ಸಂತಾನ್ ಎಡುಂಗ."

ಮುದುಕಿ ಅದೇ ಅಲ್ಯೂಮಿನಿಯಂ ಪಾತ್ರೆಯನ್ನು ಎತ್ತಿಕೊಂಡಳು. ನಾನು ಆದೇಶದ ಕಾಗದ ಹಿಡಿದು ನಿಂತಿದ್ದೆ. ಸಂತಾನ್ ಅಂದರೆ ಏನು ಎಂದು ಕೇಳಿದೆ. ಇದೇ, ತೇಂಗಾಯ್ ಪಾಲ್, ತೆಂಗಿನಕಾಯಿ ಹಾಲು, ಮಲಯದಲ್ಲಿ ಹಾಗೆ ಹೇಳೋದು ಎಂದಳು. ಬೆರಳು ಅದ್ದಿ ಬಾಯಿಗಿಟ್ಟುಕೊಂಡೆ. ನಾಲ್ಕು ವರ್ಷದಿಂದ ಮುದ್ದೆಯ ಜೊತೆ ತಿಂದ ರುಚಿ. ಏನಾದರೂ ಹೇಳಬೇಕಲ್ಲ ಎಂದು, ನೀವು ಮಕ್ಕಳಿಗೆ ಇಟ್ಟಿದ್ದೀರಿ ಅಂತ ನಾನು ಅಂದುಕೊಂಡೆ ಎಂದೆ.

"ಯಾರ ಮಕ್ಳು, ಸಾರ್?" ಎಂದಳು.

ಆಕೆಗೆ ಮಕ್ಕಳಿರಲಿಲ್ಲ. ಗೋಡೆಯ ಗೂಡಿನಲ್ಲಿ ದೇವರ ಪಟ. ಅದರ ಪಕ್ಕದಲ್ಲಿ ನಾನು ಕೊಟ್ಟ ಸೀಸೆ, ಅರಗಿನ ಮೊಹರು ಒಂದಿಷ್ಟೂ ಬಿರುಕು ಬಿಡದೆ. ಒಡೆಯಬಾರದು ಎಂದಿದ್ದೆನಲ್ಲ, ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟಿದ್ದಳು. ನನಗೆ ಅಳು ಬಂತು ಎಂದರೆ ಸುಳ್ಳಾಗುತ್ತದೆ. ನಾಚಿಕೆಯಾಯಿತು. ಆ ನಾಚಿಕೆ ಇವತ್ತಿಗೂ ಹಾಗೇ ಇದೆ. ಆದೇಶದ ಕಾಗದವನ್ನು ಆಕೆಯ ಕೈಗೆ ಕೊಟ್ಟೆ, ಏಕೆಂದರೆ ಕೊಡದೆ ಹೋಗುವ ಅಧಿಕಾರ ನನಗಿರಲಿಲ್ಲ.

ಕಚೇರಿಗೆ ಹೋಗಿ ಸದಾಶಿವಯ್ಯನವರ ಎದುರು ನಿಂತೆ. ಎಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಬಾಗಿಲು ಹಾಕಿ ಬಾ ಎಂದರು, ಕೂರಿಸಿ ನೀರು ಕೊಟ್ಟರು. ಆಮೇಲೆ ಹೇಳಿದರು: ಆ ವಾರ ಇಪ್ಪತ್ತು ಸೀಸೆ ನಿನ್ನ ಕೈಬರಹದಲ್ಲಿ ಹೋಗಿವೆ, ಒಂದರ ಮೇಲೆ ತಪ್ಪು ಬರೆದೆ ಎಂದು ನೀನೇ ಒಪ್ಪಿಕೊಂಡರೆ ಉಳಿದ ಹತ್ತೊಂಬತ್ತನ್ನೂ ವಕೀಲರು ಒಡೆದು ಹಾಕುತ್ತಾರೆ. ಆ ಹತ್ತೊಂಬತ್ತರಲ್ಲಿ ನಿನ್ನ ದಾಯಾದಿ ಚಿಕ್ಕಣ್ಣನದೂ ಒಂದು. ಅವನನ್ನು ಬಿಡಿಸಲು ಈ ಕತೆ ಕಟ್ಟಿದೆ ಅಂತಾರೆ ಜನ. ನೀರು ಹಾಲು ಕುಡಿಯೋ ಕೂಸುಗಳ ಕತೆ ಏನು?

ಅವರು ಹೇಳಿದ ಒಂದೊಂದೂ ನಿಜವಾಗಿತ್ತು. ಹಾಗಾದರೆ ಅಂಜಲಮ್ಮ ಏನು ಮಾಡಬೇಕು ಎಂದು ಕೇಳಿದೆ. ತಪ್ಪಾಯಿತು ಅಂತ ಒಪ್ಪಿಕೊಂಡು ದಂಡ ಕಟ್ಟಿ ಬೇರೆ ಕೆಲಸ ನೋಡಿಕೊಳ್ಳಲಿ ಎಂದರು. ಕೊನೆಗೆ ಮೆಲ್ಲನೆ ಒಂದು ಮಾತು ಸೇರಿಸಿದರು.

"ನೋಡಪ್ಪ, ಕೋರ್ಟಲ್ಲಿ ನೀನು ಹೇಳಬೇಕಾದ್ದು ಮೊಹರು ಸರಿ ಇತ್ತು ಅಂತ ಅಷ್ಟೇ. ಒಳಗೇನಿತ್ತು ಅಂತ ಹೇಳೋದು ವರದಿ."

ಮೊಹರಂತೂ ಸರಿಯಾಗಿಯೇ ಇತ್ತು. ಕೋರ್ಟಿನ ದಿನದವರೆಗೆ ನಾನು ದಿನಕ್ಕೊಂದು ನಿರ್ಧಾರ ಮಾಡುತ್ತಿದ್ದೆ. ಹೊಸಹಳ್ಳಿಯಲ್ಲಿ ದೊಡ್ಡಪ್ಪ ಮಾತು ಬಿಟ್ಟಿದ್ದರು. ಮನೆಯಲ್ಲಿ ಹೆಂಡತಿಗೆ ಹೇಳಿದೆ. ಆಕೆ ಪೂರ್ತಿ ಕೇಳಿ, ತೆಂಗಿನಕಾಯಿಗೂ ಹಾಲಿಗೂ ವ್ಯತ್ಯಾಸ ಗೊತ್ತಾಗದವರನ್ನು ಅದು ಹೇಗೆ ಕೆಲಸಕ್ಕೆ ತೆಗೆದುಕೊಂಡರು ಎಂದಳು. ಅದು ನನಗೆ ಬೇಕಾದ ಸಲಹೆಯಾಗಿರಲಿಲ್ಲ.

ಪೇಟೆಯ ಕೋರ್ಟು. ಮ್ಯಾಜಿಸ್ಟ್ರೇಟರಿಗೆ ನೆಗಡಿಯಾಗಿತ್ತು. ಅಂಜಲಮ್ಮ ಕಟಕಟೆಯಲ್ಲಿ ನಿಂತಿದ್ದಳು, ಒಗೆದ ಸೀರೆ, ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ವಕೀಲರನ್ನು ಇಟ್ಟುಕೊಂಡಿರಲಿಲ್ಲ. ಆಕೆ ಹೇಳಿದ್ದು ಕೋರ್ಟಿಗೆ ಅರ್ಥವಾಗಲಿಲ್ಲ. ಸಂತಾನ್ ಎಂದಾಗ ಮ್ಯಾಜಿಸ್ಟ್ರೇಟರು ನಾನು ಅಂದುಕೊಂಡದ್ದನ್ನೇ ಅಂದುಕೊಂಡರು. ಎಷ್ಟು ಮಕ್ಕಳು ಎಂದು ಕೇಳಿದರು. ಮಕ್ಕಳ ಮಾತನ್ನು ಎರಡನೆಯ ಸಲ ಕೇಳಿಸಿಕೊಂಡ ಆ ಮುಖ ನೋಡಿ ನನ್ನ ನಿರ್ಧಾರಗಳೆಲ್ಲ ಮುಗಿದವು. ನನ್ನ ಹೆಸರು ಕೂಗಿದರು. ಮೊಹರು ಸರಿ ಇತ್ತೇ ಎಂದು ಸರ್ಕಾರಿ ವಕೀಲರು ಕೇಳಿದರು.

"ಸರಿ ಇತ್ತು ಸ್ವಾಮಿ. ಹೆಸರು ತಪ್ಪಿತ್ತು. ಅದು ಹಾಲಲ್ಲ, ತೆಂಗಿನಕಾಯಿ ಹಿಂಡಿದ್ದು. ಆಯಮ್ಮ ಹಾಗಂತಲೇ ಹೇಳಿದ್ರು. ಹಾಲು ಅಂತ ಬರೆದವನು ನಾನು."

ಮ್ಯಾಜಿಸ್ಟ್ರೇಟರು ಕರವಸ್ತ್ರ ಕೆಳಗಿಟ್ಟರು. "ಬಾಯಿಗೆ ಹಾಕಿ ನೋಡಲಿಲ್ವೇ ನೀವು?"

ಇಲ್ಲ ಎಂದೆ. ನೋಡಿದ್ದರೆ ಗೊತ್ತಾಗುತ್ತಿತ್ತು ಎಂದೂ ಹೇಳಿದೆ. ಕೋರ್ಟಿನಲ್ಲಿ ಯಾರೋ ನಕ್ಕರು. ಮೊಕದ್ದಮೆ ವಜಾ ಆಯಿತು. ಲೈಸೆನ್ಸು ವಾಪಸು ಕೊಡಬೇಕೆಂದು ಬರೆಸಿದರು. ಅಂಜಲಮ್ಮನಿಗೆ ತೀರ್ಪು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸೀಸೆಯನ್ನು ಯಾರಿಗೆ ಕೊಡಬೇಕು ಎಂದು ಕೇಳಿದಳು.

ಡಾಕ್ಟರು ಹೇಳಿದ್ದೂ ಅಕ್ಷರಶಃ ನಡೆಯಿತು. ಮುಂದಿನ ತಿಂಗಳು ಚಿಕ್ಕಣ್ಣನ ವಕೀಲರು ನನ್ನ ಹೇಳಿಕೆಯನ್ನೇ ಎತ್ತಿ ಹಿಡಿದು ಅವನನ್ನು ಬಿಡಿಸಿಕೊಂಡರು. ದೊಡ್ಡಪ್ಪ ಮತ್ತೆ ಮಾತು ಶುರುಮಾಡಿದರು, ರಕ್ತ ಸಂಬಂಧ ಎಲ್ಲಿ ಹೋಗುತ್ತದೆ ಎಂದು ಊರಲ್ಲಿ ನನ್ನನ್ನು ಹೊಗಳಿದರು. ಜೀವಮಾನದಲ್ಲಿ ನನಗೆ ಸಿಕ್ಕ ಅತ್ಯಂತ ಕಹಿಯಾದ ಹೊಗಳಿಕೆ ಅದು. ಚಿಕ್ಕಣ್ಣನ ಹಾಲು ಕುಡಿದ ಕೂಸುಗಳಿಗೆ ನಾನು ಏನು ಹೇಳಲಿ, ಗೊತ್ತಿಲ್ಲ. ಎರಡು ನ್ಯಾಯಗಳನ್ನು ಒಂದೇ ಚೀಟಿಗೆ ಗಂಟು ಹಾಕಿದವನು ನಾನೇ. ಕಚೇರಿಯಿಂದ ಮೆಮೊ ಬಂತು. ಎರಡು ವರ್ಷ ನನ್ನನ್ನು ಊರಿನ ಇನ್ನೊಂದು ಕೊನೆಗೆ, ಕಾಲರಾ ಚುಚ್ಚುಮದ್ದಿನ ಕೆಲಸಕ್ಕೆ ಹಾಕಿದರು.

ಆ ದಶಕ ಮುಗಿಯುವ ಹೊತ್ತಿಗೆ ಹಳೆಯ ಸರಹದ್ದಿಗೆ ವಾಪಸು ಬಂದೆ. ಮೊದಲ ದಿನವೇ ಕಾರ್ಖಾನೆಯ ಗೇಟಿಗೆ ಸೈಕಲ್ ತುಳಿದೆ. ಮನೆಯಿಂದ ಡಬ್ಬಿಯಲ್ಲಿ ಮುದ್ದೆ ಕಟ್ಟಿಸಿಕೊಂಡು ಹೋಗಿದ್ದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಣ್ಣನ್ ಮದರಾಸಿಗೆ ಹೊರಟುಹೋಗಿದ್ದ. ಸಾಲಿನಲ್ಲಿ ಹೊಸ ಮುಖಗಳು. ಕೊನೆಯ ಒಲೆಯ ಹಿಂದೆ ಅಂಜಲಮ್ಮ ಇದ್ದಳು, ತಲೆ ಸ್ವಲ್ಪ ನರೆತಿತ್ತು. ತಟ್ಟೆ ತೊಳೆದ ನೀರು ಹಿಂದಿನಂತೆಯೇ ತಿಳಿಯಾಗಿತ್ತು. ನನ್ನನ್ನು ಗುರುತು ಹಿಡಿದು ಬಾಳೆಲೆಯ ತುಂಡು ಹಾಸಿದಳು. ಅದರ ಮೇಲೆ ಎರಡು ಇಡ್ಲಿ ಬಂತು, ಚಟ್ನಿ ಬಂತು.

ನಾನು ಕಾದೆ. ಬೇರೇನೂ ಬರಲಿಲ್ಲ. ಲಕ್ಸಾ ಎಲ್ಲಿ ಎಂದು ಕೇಳಿದೆ. ಬಿಟ್ಟುಬಿಟ್ಟೆ ಎಂದಳು. ಸಾತೆ? ಅದನ್ನೂ ಬಿಟ್ಟೆ. ಕಾರ್ಖಾನೆಯವರು ಕೇಳುವುದಿಲ್ಲವೇ, ಲೈಸೆನ್ಸು ವಾಪಸು ಬಂತಲ್ಲ, ಇನ್ನು ಯಾರ ಭಯ ಎಂದೆ. ಆಕೆಯ ಕನ್ನಡ ಆಗ ಚೆನ್ನಾಗಿ ಪಳಗಿತ್ತು, ನನ್ನಷ್ಟೇ ಸಲೀಸಾಗಿ ಆಡುತ್ತಿದ್ದಳು. ಕೋಪವೇನೂ ಇರಲಿಲ್ಲ. ಇನ್ನೊಂದು ಸೌಟು ಚಟ್ನಿ ಹಾಕುತ್ತ ಹೇಳಿದಳು.

"ಇಡ್ಲಿ ಆದ್ರೆ ಎಲ್ಲಾರೂ ಇಡ್ಲಿ ಅಂತಾನೇ ಬರೀತಾರೆ, ಸಾರ್."

ಡಬ್ಬಿ ತೆರೆಯದೆ ಇಡ್ಲಿ ತಿಂದು ಎದ್ದೆ.